ಯಂತ್ರವಿದೆ, ಜೋಡಿಸುವ ಮೇಸ್ತ್ರಿ ಇಲ್ಲ: ಸರ್ಫ್-1 ಎಂಬ ಜೀನ್ ಮತ್ತು ನಮ್ಮ ಮನೆಗಳು

ಹತ್ತು ತಿಂಗಳ ಮಗು. ಗೋಡೆ ಹಿಡಿದು ನಿಲ್ಲಲು ನೋಡುತ್ತಿದೆ, "ತಾತ" ಎಂದರೆ ತಿರುಗಿ ನಗುತ್ತದೆ. ಒಂದು ದಿನ ಎಲ್ಲ ಮಕ್ಕಳಿಗೂ ಬರುವಂಥ ಜ್ವರ ಬರುತ್ತದೆ, ಮೂರು ದಿನಕ್ಕೆ ಇಳಿಯುತ್ತದೆ. ಆದರೆ ಜ್ವರ ಇಳಿದ ಮೇಲೆ ಮಗು ಮೊದಲಿನಂತೆ ಕೂರುವುದಿಲ್ಲ. ಕತ್ತು ವಾಲುತ್ತದೆ. ಹಾಲು ಕುಡಿದರೆ ವಾಂತಿಯಾಗುತ್ತದೆ. ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಓಡುತ್ತವೆ. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ಊರಿಗೆ ಫೋನ್ ಮಾಡಿದರೆ ನಾಗದೋಷವಿರಬಹುದು, ಹರಕೆ ಬಾಕಿ ಇರಬಹುದು ಎಂಬ ಮಾತು ಬರುತ್ತದೆ. ಇನ್ನೊಬ್ಬರು "ಬಸುರಿಯಲ್ಲಿ ಅವಳು ಸರಿಯಾಗಿ ತಿನ್ನಲಿಲ್ಲ" ಎನ್ನುತ್ತಾರೆ. ಎಲ್ಲರ ಮಾತೂ ಸುತ್ತಿ ಬಳಸಿ ಕೊನೆಗೆ ತಾಯಿಯ ತಲೆಯ ಮೇಲೆ ಬಂದು ಕೂರುತ್ತದೆ.

ಇದು ಯಾವುದೋ ಒಂದು ಮನೆಯ ಗುಟ್ಟನ್ನು ಬಯಲು ಮಾಡುವ ಕಥೆಯಲ್ಲ. ವೈದ್ಯರು ಮತ್ತೆ ಮತ್ತೆ ಕಾಣುವ ಒಂದು ಚಿತ್ರ. ಇದಕ್ಕೆ ಲೀ ಸಿಂಡ್ರೋಮ್ ಎಂದು ಹೆಸರು. ಈ ಕಾಯಿಲೆ ಅಪರೂಪ. ಸುಮಾರು 40,000 ಹೆರಿಗೆಗಳಲ್ಲಿ ಒಂದು ಎಂದು ಅಂದಾಜು. ಆದರೆ ಯಾರ ಮನೆಗೆ ಬಂದಿದೆಯೋ ಅವರಿಗೆ ಅದು ಅಪರೂಪವಲ್ಲ, ಅದೇ ಪ್ರಪಂಚ. ಈ ಕಾಯಿಲೆ ಏಕೆ ಬರುತ್ತದೆ, ಇದರಲ್ಲಿ ತಪ್ಪು ಯಾರದು, ಮುಂದಿನ ಮಗುವಿನ ವಿಷಯದಲ್ಲಿ ಮಾಡಬಹುದಾದದ್ದು ಏನು ಎಂಬುದನ್ನು ಸರಳವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಜೀವಕೋಶದೊಳಗಿನ ವಿದ್ಯುದಾಗಾರ

ನಮ್ಮ ದೇಹ ಲಕ್ಷ ಕೋಟಿಗಳ ಲೆಕ್ಕದಲ್ಲಿರುವ ಜೀವಕೋಶಗಳಿಂದ ಆಗಿದೆ. ಬಹುತೇಕ ಎಲ್ಲ ಜೀವಕೋಶಗಳ ಒಳಗೂ ಮೈಟೋಕಾಂಡ್ರಿಯಾ ಎಂಬ ಅತಿ ಚಿಕ್ಕ ಅಂಗಗಳಿವೆ. ನಾವು ತಿಂದ ಅನ್ನ, ರಾಗಿ, ತುಪ್ಪ ಎಲ್ಲವೂ ಜೀರ್ಣವಾಗಿ ಕೊನೆಗೆ ತಲಪುವ ಒಲೆ ಇದೇ. ಇಲ್ಲಿ ಆಹಾರದ ಸಾರ ಆಮ್ಲಜನಕದೊಡನೆ ನಿಧಾನವಾಗಿ ಉರಿದು ಎಟಿಪಿ ಎಂಬ ರಾಸಾಯನಿಕವಾಗಿ ಶಕ್ತಿ ಸಿಗುತ್ತದೆ. ಹೃದಯ ಬಡಿಯುವುದಕ್ಕೆ, ಸ್ನಾಯು ಎಳೆಯುವುದಕ್ಕೆ, ಮೆದುಳು ಯೋಚಿಸುವುದಕ್ಕೆ ಎಟಿಪಿಯೇ ಕೈಯಲ್ಲಿರುವ ಚಿಲ್ಲರೆ ಹಣ. 1929ರಲ್ಲಿ ಈ ಎಟಿಪಿಯನ್ನು ಕಂಡುಹಿಡಿದವರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು ಎಂಬುದು ನಮಗೆಲ್ಲ ಹೆಮ್ಮೆಯ ವಿಷಯ.

ಈ ಒಲೆ ಕೆಲಸ ಮಾಡುವ ಬಗೆಯನ್ನು ಜಲವಿದ್ಯುತ್ತಿಗೆ ಹೋಲಿಸಬಹುದು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು ನಮ್ಮವರಿಗೆ ಗೊತ್ತು. ಇಲ್ಲಿ ತೆರೆಂಗಾನುವಿನ ಕೆನ್ಯಿರ್ ಅಣೆಕಟ್ಟೆಯನ್ನು ನೋಡಿ ಬಂದವರೂ ಇದ್ದೀರಿ. ನೀರನ್ನು ಎತ್ತರದಲ್ಲಿ ತಡೆದು ನಿಲ್ಲಿಸಿ, ಅದು ಕೆಳಗೆ ನುಗ್ಗುವಾಗ ಟರ್ಬೈನ್ ತಿರುಗಿಸುವುದು ಅಲ್ಲಿಯ ಉಪಾಯ. ಮೈಟೋಕಾಂಡ್ರಿಯಾದಲ್ಲಿಯೂ ಹಾಗೆಯೇ. ಅದರ ಒಳಪೊರೆಯಲ್ಲಿ ಐದು ಯಂತ್ರಗಳಿವೆ. ಮೊದಲ ನಾಲ್ಕು ಒಂದು ಸರಪಳಿಯಂತೆ ದುಡಿದು ಪ್ರೋಟಾನ್ ಎಂಬ ಕಣಗಳನ್ನು ಪೊರೆಯ ಆಚೆ ಬದಿಗೆ ತುಂಬುತ್ತವೆ. ಹೀಗೆ ಕಟ್ಟಿ ನಿಲ್ಲಿಸಿದ ಕಣಗಳು ಐದನೆಯ ಯಂತ್ರದ ಮೂಲಕ ಹಿಂದಕ್ಕೆ ನುಗ್ಗುವಾಗ ಅದು ನಿಜವಾಗಿಯೂ ಚಕ್ರದಂತೆ ತಿರುಗಿ ಎಟಿಪಿ ತಯಾರಿಸುತ್ತದೆ. 1961ರಲ್ಲಿ ಇಂಗ್ಲೆಂಡಿನ ಪೀಟರ್ ಮಿಚೆಲ್ ಈ ವಿಚಾರ ಮುಂದಿಟ್ಟಾಗ ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ಕಥೆಗೆ ಬೇಕಾದದ್ದು ನಾಲ್ಕನೆಯ ಯಂತ್ರ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಖರ್ಚಾಗುವುದು ಇದರಲ್ಲಿಯೇ. ಇದು ನಿಂತರೆ ಗಾಳಿಯಲ್ಲಿ ಆಮ್ಲಜನಕ ಎಷ್ಟಿದ್ದರೂ, ತಟ್ಟೆಯಲ್ಲಿ ಊಟ ಎಷ್ಟಿದ್ದರೂ ಜೀವಕೋಶ ಉಪವಾಸ ಬೀಳುತ್ತದೆ.

ಸರ್ಫ್-1 ಮಾಡುವ ಕೆಲಸ

ಸರ್ಫ್ ಎಂದ ಕೂಡಲೇ ಬಟ್ಟೆ ಒಗೆಯುವ ಪುಡಿ ನೆನಪಾಗುವುದು ಸಹಜ. ಆ ಪುಡಿಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ "ಸರ್ಫೀಟ್" ಎಂದರೆ ಬೇಕಾದ್ದಕ್ಕಿಂತ ಹೆಚ್ಚು ಎಂದರ್ಥ. ಡಿಎನ್‌ಎಯ ಒಂದು ಚಿಕ್ಕ ಜಾಗದಲ್ಲಿ ಹಲವು ಜೀನ್‌ಗಳು ಬಸ್ಸಿನಲ್ಲಿ ಜನ ತುಂಬಿದಂತೆ ಒತ್ತೊತ್ತಾಗಿ ಕುಳಿತಿದ್ದರಿಂದ ಆ ಜಾಗಕ್ಕೆ ಈ ಹೆಸರು ಬಂತು. ಅಲ್ಲಿಯ ಒಂದನೆಯ ಜೀನ್ ಸರ್ಫ್-1. ಮನುಷ್ಯರಲ್ಲಿ ಇದು 9ನೇ ವರ್ಣತಂತುವಿನ ಮೇಲಿದೆ.

ನಾಲ್ಕನೆಯ ಯಂತ್ರ ಒಂದೇ ತುಂಡಿನದಲ್ಲ. ಹನ್ನೆರಡಕ್ಕೂ ಹೆಚ್ಚು ಬಿಡಿಭಾಗಗಳನ್ನು ಸರಿಯಾದ ಕ್ರಮದಲ್ಲಿ ಕೂಡಿಸಿ, ತಾಮ್ರ ಮತ್ತು ಕಬ್ಬಿಣದ ಅಂಶಗಳನ್ನು ಅವುಗಳ ಜಾಗದಲ್ಲಿ ಇಟ್ಟರೆ ಮಾತ್ರ ಅದು ನಡೆಯುತ್ತದೆ. ಸರ್ಫ್-1 ಜೀನ್‌ನಿಂದ ತಯಾರಾಗುವ ಪ್ರೋಟೀನು ಆ ಬಿಡಿಭಾಗಗಳಲ್ಲಿ ಒಂದಲ್ಲ. ಅದು ಅವುಗಳನ್ನು ಜೋಡಿಸಲು ನೆರವಾಗುವ ಮೇಸ್ತ್ರಿ. ಇಟ್ಟಿಗೆ, ಸಿಮೆಂಟು, ಕಬ್ಬಿಣ ಎಲ್ಲವೂ ಅಂಗಳದಲ್ಲಿ ಬಂದು ಬಿದ್ದಿದೆ. ಮೇಸ್ತ್ರಿ ಮಾತ್ರ ಬಂದಿಲ್ಲ. ಆಗ ಮನೆ ಎದ್ದೀತೇ? ಮೇಸ್ತ್ರಿ ಪೂರ್ತಿ ಇಲ್ಲದಾಗಲೂ ಅಲ್ಲಲ್ಲಿ ಕೆಲವು ಯಂತ್ರಗಳು ಹೇಗೋ ಕೂಡಿಕೊಳ್ಳುತ್ತವೆ. ಆ ಅಲ್ಪಸ್ವಲ್ಪದಲ್ಲಿಯೇ ಮಗು ಹುಟ್ಟುತ್ತದೆ, ಕೆಲವು ತಿಂಗಳು ಚೆನ್ನಾಗಿಯೇ ಬೆಳೆಯುತ್ತದೆ. ಜ್ವರ ಬಂದು ದೇಹ ಹೆಚ್ಚು ಶಕ್ತಿ ಕೇಳಿದ ದಿನ ಕೊರತೆ ಹೊರಬೀಳುತ್ತದೆ. ಅತಿ ಹೆಚ್ಚು ಶಕ್ತಿ ಬೇಡುವ ಮೆದುಳಿಗೆ ಮೊದಲ ಪೆಟ್ಟು ಬೀಳುತ್ತದೆ.

ಸರ್ಫ್-1 ಕೆಟ್ಟರೆ ಲೀ ಸಿಂಡ್ರೋಮ್ ಬರುತ್ತದೆ ಎಂಬುದನ್ನು 1998ರಲ್ಲಿ ಕೆನಡಾ ಮತ್ತು ಇಟಲಿಯ ವಿಜ್ಞಾನಿಗಳ ಎರಡು ತಂಡಗಳು ತೋರಿಸಿದವು. ಇಂದು ಲೀ ಸಿಂಡ್ರೋಮ್‌ಗೆ ಕಾರಣವಾಗುವ ಜೀನ್‌ಗಳ ಪಟ್ಟಿ ನೂರನ್ನು ದಾಟಿದೆ. ಅವುಗಳಲ್ಲಿ ಹೆಚ್ಚಾಗಿ ಕಾಣುವವುಗಳಲ್ಲಿ ಸರ್ಫ್-1 ಒಂದು. ನಮ್ಮ ನಾಡಿನ ಮಕ್ಕಳಲ್ಲಿಯೂ ಇದು ಸಿಕ್ಕಿದೆ. ಸರ್ಫ್-1 ದೋಷವಿರುವ ಲೀ ಸಿಂಡ್ರೋಮ್ ಮಕ್ಕಳ ಲಕ್ಷಣಗಳನ್ನೂ ಮೆದುಳಿನ ಎಂಆರ್‌ಐ ಚಿತ್ರಗಳನ್ನೂ ಕುರಿತು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೊಡನೆ ಸೇರಿ 2014ರಲ್ಲಿ ವರದಿ ಪ್ರಕಟಿಸಿದರು.

ಕ್ವಾಲಾಲಂಪುರ ಕಲಿಸಿದ ಪಾಠ

ಲೀ ಎಂಬುದು ಒಬ್ಬ ವೈದ್ಯರ ಹೆಸರು. 1951ರಲ್ಲಿ ಲಂಡನ್ನಿನ ಡೆನಿಸ್ ಲೀ ತೀರಿಕೊಂಡ ಏಳು ತಿಂಗಳ ಮಗುವೊಂದರ ಮೆದುಳನ್ನು ಪರೀಕ್ಷಿಸಿ ಈ ಕಾಯಿಲೆಯನ್ನು ಮೊದಲು ವಿವರಿಸಿದರು. ಮೆದುಳಿನ ಎರಡೂ ಬದಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ಸಮನಾಗಿ ಹಾನಿಯಾಗಿತ್ತು. ಅದು ಬಿ-1 ಜೀವಸತ್ವ ಅಂದರೆ ಥಯಮಿನ್ ಕೊರತೆಯಿಂದ ಆಗುವ ಹಾನಿಯನ್ನು ಬಹಳ ಹೋಲುತ್ತಿತ್ತು. ಈ ಹೋಲಿಕೆ ಆಕಸ್ಮಿಕವಲ್ಲ. ಸಕ್ಕರೆಯ ಸಾರ ಮೈಟೋಕಾಂಡ್ರಿಯಾದ ಒಲೆಗೆ ಸೇರಬೇಕಾದರೆ ಥಯಮಿನ್ ಬೇಕೇ ಬೇಕು. ಒಂದರಲ್ಲಿ ಒಲೆಯ ಬಾಗಿಲಲ್ಲೇ ತಡೆ, ಇನ್ನೊಂದರಲ್ಲಿ ಒಲೆಯ ಒಳಗೆ ತಡೆ.

ಥಯಮಿನ್ ಕೊರತೆಯ ಕಾಯಿಲೆಯಾದ ಬೆರಿಬೆರಿಯ ಗುಟ್ಟು ಬಿಡಿಸಿದ ಊರುಗಳಲ್ಲಿ ನಾವಿರುವ ಈ ಕ್ವಾಲಾಲಂಪುರವೂ ಒಂದು. ನೂರು ವರ್ಷಗಳ ಹಿಂದೆ ಮಲಯಾದ ತವರದ ಗಣಿಗಳಲ್ಲಿ ಬೆರಿಬೆರಿ ಜನರನ್ನು ಕೊಲ್ಲುತ್ತಿತ್ತು. ಅದು ಸೋಂಕು ಎಂದು ಹಲವರು ನಂಬಿದ್ದರು. ವಿಲಿಯಂ ಫ್ಲೆಚರ್ ಎಂಬ ವೈದ್ಯರು ಇಲ್ಲಿಯ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಒಂದು ಗುಂಪಿಗೆ ಪಾಲಿಷ್ ಮಾಡಿದ ಬಿಳಿ ಅಕ್ಕಿಯನ್ನೂ ಇನ್ನೊಂದಕ್ಕೆ ಭಾರತೀಯರು ತಿನ್ನುವ ಕುಚ್ಚಲಕ್ಕಿಯನ್ನೂ ಕೊಟ್ಟು ನೋಡಿ 1907ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿ ಅಕ್ಕಿ ತಿಂದವರಲ್ಲಿ ಅನೇಕರು ಕಾಯಿಲೆ ಬಿದ್ದರು, ಕೆಲವರು ಸತ್ತರು. ಕುಚ್ಚಲಕ್ಕಿಯವರು ಬಹುತೇಕ ಪಾರಾದರು. ಬತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ ಎಂಬುದು ಆಮೇಲೆ ತಿಳಿದ ವಿಷಯ. ಇಲ್ಲಿಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಫ್ರೇಸರ್ ಮತ್ತು ಸ್ಟಾಂಟನ್ ಮುಂದೆ ರಸ್ತೆ ಕೂಲಿಗಳ ನಡುವೆ ಪ್ರಯೋಗ ನಡೆಸಿ ಇದನ್ನು ಖಚಿತಪಡಿಸಿದರು. ನಮ್ಮ ಕರಾವಳಿಯ ಅಜ್ಜಿಯಂದಿರ ಕುಚ್ಚಲಕ್ಕಿ ಗಂಜಿಗೆ ಸಿಕ್ಕ ಪ್ರಮಾಣಪತ್ರ ಇದು ಎನ್ನಬಹುದು.

ಬೆರಿಬೆರಿಯನ್ನು ಅಕ್ಕಿ ಬದಲಿಸಿ ತಡೆದರು. ಸರ್ಫ್-1ಕ್ಕೆ ಅಂಥ ಸುಲಭದ ಮದ್ದು ಇನ್ನೂ ಸಿಕ್ಕಿಲ್ಲ. ಆದರೆ ಪಾಠ ಒಂದೇ. ಕಾರಣ ಗೊತ್ತಾಗುವವರೆಗೆ ಜನ ಗಾಳಿಯನ್ನೂ ಹಣೆಬರಹವನ್ನೂ ದೂರುತ್ತಾರೆ. ಗೊತ್ತಾದ ಮೇಲೆ ಮುಂದಿನವರನ್ನು ಕಾಪಾಡುವ ದಾರಿ ಕಾಣುತ್ತದೆ.

ತಪ್ಪು ತಾಯಿಯದೇ?

ಮೈಟೋಕಾಂಡ್ರಿಯಾಕ್ಕೆ ತನ್ನದೇ ಆದ ಪುಟ್ಟ ಡಿಎನ್‌ಎ ಇದೆ. ಅದರಲ್ಲಿ 37 ಜೀನ್‌ಗಳಿವೆ, ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಇದನ್ನು ಅರ್ಧ ಕೇಳಿದವರು "ಮೈಟೋಕಾಂಡ್ರಿಯಾ ಕಾಯಿಲೆ ಎಂದರೆ ತಾಯಿಯ ಕಡೆಯಿಂದ ಬಂದದ್ದು" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಇದು ದೊಡ್ಡ ತಪ್ಪು. ಮೈಟೋಕಾಂಡ್ರಿಯಾ ನಡೆಯಲು ಸಾವಿರಕ್ಕೂ ಹೆಚ್ಚು ಪ್ರೋಟೀನುಗಳು ಬೇಕು. ಅವುಗಳಲ್ಲಿ 13ನ್ನು ಬಿಟ್ಟು ಉಳಿದೆಲ್ಲಕ್ಕೂ ಸೂಚನೆ ಇರುವುದು ಜೀವಕೋಶದ ನಡುವಿನ ದೊಡ್ಡ ಭಂಡಾರದಲ್ಲಿ. ಅಲ್ಲಿ ಪ್ರತಿ ಜೀನ್‌ಗೂ ಎರಡು ಪ್ರತಿಗಳು: ಒಂದು ಅಪ್ಪನದು, ಒಂದು ಅಮ್ಮನದು. ಸರ್ಫ್-1 ಈ ಬಗೆಯದು.

ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಕೆಲಸ ನಡೆಯುತ್ತದೆ. ಅಂಥವರನ್ನು ವಾಹಕರು ಎನ್ನುತ್ತಾರೆ. ಅವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ, ತಾವು ವಾಹಕರೆಂಬುದು ಅವರಿಗೆ ಗೊತ್ತೂ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾದಾಗ ಪ್ರತಿ ಬಸುರಿನಲ್ಲಿಯೂ ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಸೇರುವ ಸಾಧ್ಯತೆ 4ರಲ್ಲಿ 1. ಮಗು ಅಪ್ಪ ಅಮ್ಮನಂತೆ ವಾಹಕವಾಗುವ ಸಾಧ್ಯತೆ 4ರಲ್ಲಿ 2. ಎರಡೂ ಒಳ್ಳೆಯ ಪ್ರತಿಗಳು ಸಿಗುವ ಸಾಧ್ಯತೆ 4ರಲ್ಲಿ 1. ಇದು ಪ್ರತಿ ಸಲವೂ ಹೊಸದಾಗಿ ಕವಡೆ ಎಸೆದಂತೆ. ಒಂದು ಮಗುವಿಗೆ ಬಂದಿತು, ಇನ್ನು ಮೂರು ಮಕ್ಕಳಿಗೆ ಬರುವುದಿಲ್ಲ ಎಂಬ ಲೆಕ್ಕ ಸರಿಯಲ್ಲ.

ಆದ್ದರಿಂದ ಇದರಲ್ಲಿ ತಾಯಿಯ ಪಾಲು ಎಷ್ಟೋ ತಂದೆಯ ಪಾಲೂ ಅಷ್ಟೇ. ಬಸುರಿಯಲ್ಲಿ ತಿಂದದ್ದರಿಂದಲೋ, ಗ್ರಹಣ ನೋಡಿದ್ದರಿಂದಲೋ, ಯಾರದೋ ಶಾಪದಿಂದಲೋ ಬಂದದ್ದಲ್ಲ. ಸೊಸೆಯನ್ನು ತವರಿಗೆ ಕಳಿಸಿ ಮಗನಿಗೆ ಇನ್ನೊಂದು ಮದುವೆಯ ಮಾತು ಎತ್ತುವವರಿಗೆ ಈ ಒಂದು ವಿಷಯ ತಿಳಿದಿರಬೇಕು.

ಅಕ್ಕನ ಮಗಳು ಮತ್ತು ಸೋದರಮಾವ

ಈಗ ಸ್ವಲ್ಪ ಸೂಕ್ಷ್ಮವಾದ ಮಾತು. ಕೆಟ್ಟ ಪ್ರತಿ ಅಪರೂಪದ್ದಾದರೆ ಅದನ್ನು ಹೊತ್ತ ಇಬ್ಬರು ಅಪರಿಚಿತರು ಮದುವೆಯಾಗುವುದೂ ಅಪರೂಪ. ಆದರೆ ಒಂದೇ ಮನೆಯೊಳಗೆ ಮದುವೆಯಾದರೆ ಲೆಕ್ಕ ಬದಲಾಗುತ್ತದೆ. ಸೋದರಮಾವ ವಾಹಕನಾಗಿದ್ದರೆ ಅವನ ಅಕ್ಕನ ಮಗಳಿಗೂ ಅದೇ ಪ್ರತಿ ಬಂದಿರುವ ಸಾಧ್ಯತೆ 4ರಲ್ಲಿ 1. ಅತ್ತೆಯ ಮಗ, ಮಾವನ ಮಗಳ ನಡುವೆ ಅದು 8ರಲ್ಲಿ 1. ಅದು ಯಾವುದೇ ಪೂಜೆಯಿಂದಲೂ ಜಾತಕದಿಂದಲೂ ಬದಲಾಗುವುದಿಲ್ಲ.

ನಮ್ಮಲ್ಲಿ ಇಂಥ ಮದುವೆ ಎಷ್ಟು ಸಾಮಾನ್ಯ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಪ್ರೊ. ಅಲನ್ ಬಿಟಲ್ಸ್ 1980ರಿಂದ 1989ರವರೆಗೆ ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮದುವೆಗಳ ಮಾಹಿತಿ ಕಲೆಹಾಕಿ ನೋಡಿದರು. ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೆ ಆದದ್ದಾಗಿತ್ತು. ನಾವು ಕಡಲು ದಾಟಿ ಬಂದರೂ ಈ ವಾಡಿಕೆ ನಮ್ಮ ಜೊತೆಯಲ್ಲೇ ಬಂದಿದೆ. ಮಲೇಶಿಯಾದ 1976ರ ವಿವಾಹ ಮತ್ತು ವಿಚ್ಛೇದನ ಕಾನೂನು ಸೋದರಮಾವ ಮತ್ತು ಸೊಸೆಯಂಥ ಹತ್ತಿರದ ಸಂಬಂಧದ ಮದುವೆಗಳನ್ನು ನಿಷೇಧಿಸಿದರೂ, ಹಿಂದೂಗಳು ತಮ್ಮ ಸಂಪ್ರದಾಯದಂತೆ ಅಕ್ಕ ತಂಗಿಯರ ಮಗಳನ್ನು ಮದುವೆಯಾಗಲು ವಿನಾಯಿತಿ ಕೊಟ್ಟಿದೆ. ಕಾನೂನು ಒಪ್ಪುತ್ತದೆ, ಜೀನ್‌ಗೆ ಮಾತ್ರ ಕಾನೂನು ಗೊತ್ತಿಲ್ಲ.

ಸಂಬಂಧದಲ್ಲಿ ಮದುವೆಯಾದವರು ಇದನ್ನು ಓದಿ ಹೆದರಬೇಕಾಗಿಲ್ಲ. ಅಂಥ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಸಂಬಂಧವಿಲ್ಲದ ದಂಪತಿಗಳ ಮಕ್ಕಳಿಗೂ ಲೀ ಸಿಂಡ್ರೋಮ್ ಬರುತ್ತದೆ. ಹೇಳಬೇಕಾದದ್ದು ಇಷ್ಟೇ: ಕುಟುಂಬದಲ್ಲಿ ಒಂದು ಮಗುವಿಗೆ ಇಂಥ ಕಾಯಿಲೆ ಬಂದಿದ್ದರೆ, ಆ ಕುಟುಂಬದೊಳಗೇ ಇನ್ನೊಂದು ಮದುವೆ ಗೊತ್ತು ಮಾಡುವ ಮೊದಲು ವೈದ್ಯರ ಸಲಹೆ ಪಡೆಯಿರಿ.

ಜೀನ್‌ನ ಹೆಸರು ಗೊತ್ತಾದರೆ ಏನು ಲಾಭ?

"ಮದ್ದೇ ಇಲ್ಲದ ಮೇಲೆ ಪರೀಕ್ಷೆ ಏತಕ್ಕೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಹಲವು.

ಮೊದಲನೆಯದು, ಲೀ ಸಿಂಡ್ರೋಮ್‌ನಂತೆಯೇ ಕಾಣುವ ಎಲ್ಲವೂ ಸರ್ಫ್-1 ಅಲ್ಲ. ಥಯಮಿನ್ನನ್ನು ಜೀವಕೋಶದೊಳಗೆ ಸಾಗಿಸುವ ಇನ್ನೊಂದು ಜೀನ್ ಕೆಟ್ಟಾಗಲೂ ಎಂಆರ್‌ಐ ಚಿತ್ರ ಇದನ್ನು ಹೋಲಬಹುದು. ಆ ಕಾಯಿಲೆಯಲ್ಲಿ ಬಯೋಟಿನ್ ಮತ್ತು ಥಯಮಿನ್ನನ್ನು ಬೇಗ ಆರಂಭಿಸಿದರೆ ಮಗು ಚೇತರಿಸಿಕೊಳ್ಳಬಲ್ಲದು. ಅದಕ್ಕಾಗಿಯೇ ವೈದ್ಯರು ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಈ ಜೀವಸತ್ವಗಳನ್ನು ಕೊಡುವುದುಂಟು. ಇದನ್ನು ಗುರುತಿಸದೆ ಬಿಟ್ಟರೆ ಉಳಿಸಬಹುದಾದ ಮಗುವನ್ನು ಕಳೆದುಕೊಂಡಂತೆ.

ಎರಡನೆಯದು, ಆರೈಕೆ. "ಲಂಘನಂ ಪರಮೌಷಧಂ" ಎಂದು ಜ್ವರ ಬಂದಾಗ ಹೊಟ್ಟೆ ಖಾಲಿ ಬಿಡುವುದು ನಮ್ಮ ಮನೆಗಳ ಪದ್ಧತಿ. ಈ ಮಕ್ಕಳಿಗೆ ಅದು ಅಪಾಯ. ಒಲೆ ಮೊದಲೇ ಮಂದವಾಗಿರುವಾಗ ಸೌದೆಯನ್ನೂ ನಿಲ್ಲಿಸಬಾರದು. ಜ್ವರ, ವಾಂತಿ, ಊಟ ಬಿಡುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್‌ನಂಥ ಕೆಲವು ಔಷಧಿಗಳ ವಿಷಯದಲ್ಲಿ ವೈದ್ಯರು ಎಚ್ಚರ ವಹಿಸುತ್ತಾರೆ. ಆದ್ದರಿಂದ ಕಾಯಿಲೆಯ ಹೆಸರು ಬರೆದ ವೈದ್ಯರ ಪತ್ರ ತಾಯಿಯ ಚೀಲದಲ್ಲಿ ಸದಾ ಇರಬೇಕು.

ಮೂರನೆಯದು, ಮುಂದಿನ ಮಗು. ಜೀನ್‌ನಲ್ಲಿ ದೋಷ ಎಲ್ಲಿದೆ ಎಂದು ಗೊತ್ತಾದರೆ, ಮುಂದಿನ ಬಸುರಿನಲ್ಲಿ ಮೂರನೇ ನಾಲ್ಕನೇ ತಿಂಗಳ ಹೊತ್ತಿಗೆ ಭ್ರೂಣದ ಪರೀಕ್ಷೆ ಮಾಡಬಹುದು. ಅಥವಾ ಐವಿಎಫ್ ವಿಧಾನದಲ್ಲಿ ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಮೊದಲೇ ಪರೀಕ್ಷಿಸಬಹುದು. ಮಗುವಿನ ಕಾಯಿಲೆಗೆ ಹೆಸರು ಸಿಗದೆ ಹೋದರೆ ಈ ದಾರಿಗಳು ಮುಚ್ಚಿದಂತೆಯೇ. ಇಂಗ್ಲೆಂಡಿನಲ್ಲಿ "ಮೂವರ ಡಿಎನ್‌ಎ ಇರುವ ಮಗು" ಹುಟ್ಟಿದ ಸುದ್ದಿಯನ್ನು ನೀವು 2025ರಲ್ಲಿ ಓದಿರಬಹುದು. ಅದು ತಾಯಿಯಿಂದ ಬರುವ ಆ 37 ಜೀನ್‌ಗಳ ದೋಷಕ್ಕೆ ಮಾತ್ರ. ಸರ್ಫ್-1ಕ್ಕೆ ಅದರಿಂದ ಪ್ರಯೋಜನವಿಲ್ಲ. ಯಾವ ಜೀನ್ ಎಂಬುದು ತಿಳಿಯದೆ ಯಾವ ದಾರಿ ಎಂಬುದೂ ತಿಳಿಯುವುದಿಲ್ಲ.

ಹಿಂದೆ ಇದಕ್ಕೆ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಬೇಕಾಗುತ್ತಿತ್ತು. ಈಗ ರಕ್ತದಲ್ಲಿ ಲ್ಯಾಕ್ಟೇಟ್ ಎಷ್ಟಿದೆ ಎಂಬುದನ್ನೂ ಮೆದುಳಿನ ಎಂಆರ್‌ಐಯನ್ನೂ ನೋಡಿ ಸಂಶಯ ಬಂದರೆ ಅನೇಕ ಸಲ ರಕ್ತದಿಂದಲೇ ಜೀನ್ ಪರೀಕ್ಷೆ ಮಾಡುತ್ತಾರೆ. ನಮ್ಮಲ್ಲಿ ಹಾಸ್ಪಿಟಲ್ ಕ್ವಾಲಾಲಂಪುರದ ಜೆನೆಟಿಕ್ಸ್ ವಿಭಾಗಕ್ಕೂ ಮಲಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಜೆನೆಟಿಕ್ಸ್ ಕ್ಲಿನಿಕ್ಕಿಗೂ ಮಕ್ಕಳ ವೈದ್ಯರು ಬರೆದು ಕಳಿಸಬಹುದು. ಊರಿಗೆ ಹೋಗುವವರಿಗೆ ನಿಮ್ಹಾನ್ಸ್ ಇದೆ. ಮಲೇಶಿಯನ್ ರೇರ್ ಡಿಸಾರ್ಡರ್ಸ್ ಸೊಸೈಟಿ ಎಂಬ ಸಂಸ್ಥೆ ಇಂಥ ಕುಟುಂಬಗಳನ್ನು ಒಂದೆಡೆ ಸೇರಿಸುತ್ತದೆ. ಈ ಕಷ್ಟ ಕಂಡ ಇನ್ನೊಬ್ಬ ತಾಯಿಯೊಡನೆ ಮಾತಾಡುವುದೂ ಒಂದು ಔಷಧಿಯೇ.

ಸತ್ಯವನ್ನು ಮುಚ್ಚಿಡುವುದು ಸರಿಯಲ್ಲ. ಸರ್ಫ್-1 ದೋಷವಿರುವ ಅನೇಕ ಮಕ್ಕಳು ಶಾಲೆ ಸೇರುವ ವಯಸ್ಸಿನ ಆಚೀಚೆ ತೀರಿಕೊಳ್ಳುತ್ತಾರೆ. ಕೆಲವರು ಹದಿಹರೆಯದವರೆಗೂ ಬದುಕಿದ್ದಾರೆ. ಆ ವರ್ಷಗಳಲ್ಲಿ ಮಗುವಿಗೆ ಊಟದ ಕೊಳವೆ, ಉಸಿರಾಟದ ನೆರವು, ಫಿಸಿಯೋಥೆರಪಿ ಬೇಕಾಗಬಹುದು. ಮನೆಯವರಿಗೆ ರಾತ್ರಿ ಒಂದೆರಡು ಗಂಟೆ ಮಗುವನ್ನು ನೋಡಿಕೊಳ್ಳುವ ಇನ್ನೊಂದು ಜೊತೆ ಕೈ ಬೇಕಾಗುತ್ತದೆ. ಇಂಥ ಕಡೆಯಲ್ಲಿಯೇ ನಮ್ಮಂಥ ಸಮುದಾಯಕ್ಕೆ ಕೆಲಸವಿರುವುದು. ನೀವು ಕೊಡುವ ರಿಂಗಿಟ್ ಒಂದು ಪರೀಕ್ಷೆಯ ವೆಚ್ಚಕ್ಕೋ ಗಾಲಿಕುರ್ಚಿಗೋ ಸೇರಬಹುದು. ನೀವು ಕೊಡುವ ಎರಡು ಗಂಟೆ ಒಬ್ಬ ತಾಯಿಯ ನಿದ್ರೆಯಾಗಬಹುದು.

ಕೊನೆಯದಾಗಿ ಒಂದು ಕೋರಿಕೆ. ಈ ಸಲ ದೀಪಾವಳಿಗೆ ಮನೆ ಮಂದಿಯೆಲ್ಲ ಸೇರಿದಾಗ ಒಂದು ಹಾಳೆ ತೆಗೆದುಕೊಂಡು ನಿಮ್ಮ ವಂಶವೃಕ್ಷವನ್ನು ಬರೆಯಿರಿ. ಅಪ್ಪನ ಕಡೆ ಮಾತ್ರವಲ್ಲ, ಅಮ್ಮನ ಕಡೆಯದನ್ನೂ ಬರೆಯಿರಿ. ಯಾರು ಯಾರ ಅಕ್ಕನ ಮಗಳನ್ನು ಮದುವೆಯಾದರು ಎಂಬುದನ್ನು ಗುರುತು ಹಾಕಿ. ಹಿರಿಯರನ್ನು ಮೆಲ್ಲನೆ ಕೇಳಿ: ಹುಟ್ಟಿ ವರ್ಷದೊಳಗೆ ಜ್ವರ ಬಂದು ಹೋದ ಕೂಸುಗಳು ಇದ್ದುವೇ? ನಾಮಕರಣವೂ ಆಗದೆ, ಯಾವ ಪಟ್ಟಿಯಲ್ಲೂ ಸೇರದೆ ಹೋದ ಕೂಸುಗಳು? ಅವರಿಗೂ ಆ ಹಾಳೆಯಲ್ಲಿ ಒಂದು ಜಾಗ ಕೊಡಿ. ಆ ಹಾಳೆಯನ್ನು ನಿಮ್ಮ ವೈದ್ಯರಿಗೆ ತೋರಿಸಿ. ಮರೆತುಹೋದ ಆ ಕೂಸು, ಮುಂದೆ ಹುಟ್ಟಲಿರುವ ಇನ್ನೊಂದನ್ನು ಕಾಪಾಡಬಹುದು.